ಕಲ್ಲು ಹತ್ತುವ ಗಾಡಿಯ ಹಲ್ಲುಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದು ನಾನು ಹೇಳುವ ಮಾತಲ್ಲ, ನನ್ನ ಲೇಥ್ ಅಂಗಡಿಗೆ ಬಂದುಹೋದವರೆಲ್ಲ ಹೇಳಿದ್ದು. ಘಟಪ್ರಭಾ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿತ್ತು ಆ ಅಂಗಡಿ. ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಬುಶ್ಶು, ಹಿಟ್ಟಿನ ಗಿರಣಿಯ ಗಾಲಿ, ಏನೇ ಮುರಿದರೂ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಜನ ಗೋಣಿಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದರು. ನಾನು ಮೊದಲು ಬೈಯುತ್ತಿದ್ದೆ, ಆಮೇಲೆ ಮಾಡಿಕೊಡುತ್ತಿದ್ದೆ. "ಬೈಸ್ಕೊಂಡ್ರ ಗಟ್ಟಿ ಸಾಮಾನ ಸಿಗತೈತಿ" ಎಂದು ಅವರೂ ಒಗ್ಗಿಹೋಗಿದ್ದರು. ಯಾವ ವಸ್ತುವೇ ಇರಲಿ, ನನ್ನ ಕೈಗೆ ಬಂದರೆ ಮೊದಲಿಗಿಂತ ಗಟ್ಟಿಯಾಗಿಯೇ ಹೊರಗೆ ಹೋಗಬೇಕು ಎನ್ನುವ ಸೊಕ್ಕು ನನ್ನದು. ಆ ಸೊಕ್ಕು ಇಳಿದದ್ದು ಒಂದು ಆಟಿಕೆಯ ಗಾಡಿಯಿಂದ.

ನನ್ನ ಅಣ್ಣ ಲಾರಿ ಡ್ರೈವರ್. ನನಗಿಂತ ಆರು ವರ್ಷಕ್ಕೆ ದೊಡ್ಡವನು. ಮಳೆಗಾಲ ಬಿಟ್ಟು ಉಳಿದ ದಿನ ಕಲ್ಲಿನ ಖಣಿಯಿಂದ ಕಲ್ಲು ಹೇರುತ್ತಿದ್ದ, ಕಬ್ಬಿನ ಹಂಗಾಮು ಬಂದರೆ ಕಬ್ಬು. ಖಣಿಯ ದಾರಿಯಲ್ಲಿ ಬೇರೆಯವರು ಗಾಡಿ ನಿಲ್ಲಿಸಿ ದೇವರ ಹೆಸರು ಹೇಳುವ ಕಡೆ ಇವನು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಚುರಮುರಿ ತಿನ್ನುತ್ತ ಹತ್ತಿಸಿಬಿಡುತ್ತಿದ್ದ. ಅಂಥವನು ಬಿದ್ದದ್ದು ಗಾಡಿ ಓಡಿಸುವಾಗಲ್ಲ. ಘೋಡಗೇರಿಯ ಒಂದು ಹೊಲದಲ್ಲಿ ಕಬ್ಬಿನ ಲೋಡಿನ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದಾಗ ಹಗ್ಗ ಹರಿದು ಹಿಮ್ಮುಖವಾಗಿ ಬಿದ್ದ. ನಡುವಿನಿಂದ ಕೆಳಗೆ ಎಲ್ಲ ನಿಂತುಹೋಯಿತು.

ಮಿರಜಿನ ಆಸ್ಪತ್ರೆಯಿಂದ ಮನೆಗೆ ಕರೆತರುವಾಗ ಡಾಕ್ಟರು ನನ್ನನ್ನು ಬದಿಗೆ ಕರೆದು ಒಂದೇ ಮಾತು ಹೇಳಿದ್ದರು. ಏನೇ ಆಗಲಿ, ದಿನಾಲೂ ಎಬ್ಬಿಸಿ ಕೂಡಿಸಬೇಕು. ಮಲಗಿಯೇ ಬಿಟ್ಟರೆ ಬೆನ್ನಿಗೆ ಹುಣ್ಣಾಗುತ್ತದೆ, ಇಂಥ ಪೇಶಂಟುಗಳನ್ನು ಕೊಲ್ಲುವುದು ಪೆಟ್ಟಲ್ಲ, ಆ ಹುಣ್ಣು. ಹೇಳುವುದು ಸುಲಭ. ಅಣ್ಣ ಏಳಲು ಒಪ್ಪಬೇಕಲ್ಲ! ನಾನೂ ವೈನಿಯೂ, ಅಂದರೆ ಅಣ್ಣನ ಹೆಂಡತಿಯೂ, ಎರಡೂ ಕಡೆಯಿಂದ ಕಂಕುಳಿಗೆ ಕೈ ಹಾಕಿದರೆ ಸಾಕು, "ಬ್ಯಾಡ, ಬಿಡ್ರಿ" ಎಂದು ಹಲ್ಲು ಕಚ್ಚಿ ಮೈಯನ್ನು ಕಲ್ಲು ಮಾಡಿಕೊಳ್ಳುತ್ತಿದ್ದ. ಮುಖ ಗೋಡೆಯ ಕಡೆ. ನಾಲ್ಕು ತಿಂಗಳು ಹೀಗೇ ಕಳೆದವು. ವೈನಿ ಬೆನ್ನು ಒರೆಸಲು ಹೋದಾಗಲೆಲ್ಲ ಮೊದಲು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು, ಎಲ್ಲಾದರೂ ಕೆಂಪಾಗಿದೆಯೇ ಎಂದು. ಒಂದು ದಿನ ಕೆಂಪಾಗಿತ್ತು. ಅವರು ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದರು.

ಅದೇ ಹೊತ್ತಿಗೆ ಪುಣೆಯಿಂದ ಅಕ್ಕನ ಗಂಡ ಬಂದರು. ಕೈಯಲ್ಲಿ ದೊಡ್ಡದೊಂದು ರಟ್ಟಿನ ಡಬ್ಬಿ. ಅವರು ಕೆಲಸ ಮಾಡುವ ಕಾರ್ಖಾನೆಯಲ್ಲಿದ್ದ ಪರದೇಶದ ಎಂಜಿನಿಯರ್ ಒಬ್ಬ ಊರಿಗೆ ಮರಳುವಾಗ ಬಿಟ್ಟುಹೋದ ಸಾಮಾನಂತೆ. ಡಬ್ಬಿಯಿಂದ ಒಂದು ರಿಮೋಟಿನ ಗಾಡಿ ಹೊರಬಂತು. ಮೊಳದಷ್ಟು ಉದ್ದ, ಕೈಮುಷ್ಟಿಯಷ್ಟು ದೊಡ್ಡ ನಾಲ್ಕು ಮೆತ್ತನೆ ರಬ್ಬರಿನ ಗಾಲಿ, ಹಿಂದೆಯೂ ಮುಂದೆಯೂ ಎಕ್ಸಲ್.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಕಾಲ ಹ್ವಾದಾಂವಗ ಆಟಿಗಿ ತಂದೀರೇನ್ರಿ ಮಾವಾ? ನಿಮಗರ ತಿಳೀಬೇಕಿಲ್ಲೇನ್ರಿ?"

"ಅರೇ, ಇದು ಹುಡುಗರ ಆಟಿಗಿ ಅಲ್ಲ ಬರ್ ಕಾ," ಎಂದರು ಅವರು, ಪುಣೆಯ ಮರಾಠಿ ಬೆರೆಸಿ. "ಇದು ಕಲ್ಲ ಹತ್ತೂ ಗಾಡಿ. ಜೋರ ಓಡೂದಿಲ್ಲ. ಸಾವಕಾಶ ಹತ್ತತೈತಿ. ಆ ಸಾಹೇಬ ಗುಡ್ಡಕ್ಕ ಒಯ್ದು ಬಂಡಿಗಲ್ಲ ಹತ್ತಸ್ತಿದ್ದ."

ಗೋಡೆಯ ಕಡೆ ಮುಖ ಮಾಡಿದ್ದ ಅಣ್ಣ ಅಲ್ಲಿಂದಲೇ ಕೇಳಿದ: "ನಾಕೂ ಗಾಲಿಗಿ ಎಳತ ಐತೇನು?"

ನಾಲ್ಕು ತಿಂಗಳಲ್ಲಿ ಅವನಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು. "ಐತಿ" ಎಂದರು ಮಾವ. ಅಣ್ಣ ನಿಧಾನಕ್ಕೆ ಕುತ್ತಿಗೆ ತಿರುಗಿಸಿ ನೋಡಿದ. ಆಮೇಲೆ, ಏನೋ ದಿನಾ ಹೇಳುವ ಮಾತಿನಂತೆ, "ನನ್ನ ಹೊರಗ ಒಯ್ರಿ" ಎಂದ.

ನಮ್ಮ ಮನೆಯ ಮುಂದೆ ಬಾವಿ ತೋಡಿದಾಗ ಎದ್ದ ಕಲ್ಲಿನ ಗುಡ್ಡೆಯೊಂದು ಹಾಗೇ ಬಿದ್ದಿತ್ತು. ಕಟ್ಟೆಯ ಮೇಲೆ ಕುರ್ಚಿ ಹಾಕಿ, ಎದೆಗೊಂದು ಪಂಚೆ ಬಿಗಿದು ಅವನನ್ನು ಕೂಡಿಸಿದೆವು. ರಿಮೋಟು ಅವನ ತೊಡೆಯ ಮೇಲೆ. ಮೊದಲ ಅರ್ಧ ತಾಸು ಗಾಡಿ ಬರೀ ಮಗುಚಿ ಬೀಳುತ್ತಿತ್ತು, ನಾನು ಎತ್ತಿ ನಿಲ್ಲಿಸುತ್ತಿದ್ದೆ. ಆಮೇಲೆ ಅವನ ಕೈಗೆ ಅದರ ಗುಣ ತಿಳಿಯಿತು. ಮುಂದಿನ ಬಲಗಾಲಿಯನ್ನು ಕಲ್ಲಿನ ಮೂಲೆಗೆ ಹಚ್ಚಿ, ಒಂದು ಬೆರಳಿನಷ್ಟು ಹಿಂದೆ ತೆಗೆದುಕೊಂಡು, ಓರೆಯಾಗಿ ಮತ್ತೆ ಕೊಟ್ಟ. ಗಾಡಿ ಮೈ ಮುರಿದುಕೊಂಡು ಹತ್ತಿತು. "ಹಾಂ, ಹಂಗ ಬಾ ಮಗನ" ಎಂದ. ವೈನಿ ಬಾಗಿಲಲ್ಲಿ ನಿಂತು ಅಳುತ್ತಿದ್ದರು.

ಅಂದಿನಿಂದ ಬೆಳಗಾದರೆ ಅಣ್ಣನೇ ಕೂಗತೊಡಗಿದ: "ಏ ತಮ್ಮಾ, ಎತ್ತ ಬಾರೋ, ಹೊತ್ತಾತು." ನಾನು ಎತ್ತಿ ಕೂಡಿಸಿ ಅಂಗಡಿಗೆ ಹೋಗುತ್ತಿದ್ದೆ. ಕರೆಂಟು ಇದ್ದಾಗ ಗಾಡಿಯ ಬ್ಯಾಟರಿ ಚಾರ್ಜ್ ಮಾಡುವುದು ವೈನಿಯ ಕೆಲಸ, ಮಗುಚಿದರೆ ಹೋಗಿ ಎತ್ತುವುದೂ ಅವರದೇ ಕೆಲಸ. "ಎಮ್ಮಿ ಮೇಸಿದಂಗ ಆಗೇತಿ ನೋಡ್ರಿ ನನ್ನ ಪಾಡ" ಎಂದು ಬೈದುಕೊಳ್ಳುತ್ತಲೇ ನಗುತ್ತಿದ್ದರು. ನಮ್ಮದು ಜೈನರ ಮನೆ. ಕಲ್ಲಿನ ಸಂದಿಯಲ್ಲಿ ಇರುವೆಯ ಸಾಲು ಕಂಡರೆ ಅಣ್ಣ ಗಾಡಿ ನಿಲ್ಲಿಸಿಕೊಂಡು ಕೂಡುತ್ತಿದ್ದ, ಸಾಲು ಮುಗಿಯುವ ತನಕ. ಹತ್ತು ಟನ್ ಕಬ್ಬು ಹೇರಿಕೊಂಡು ಓಡಿಸುವಾಗ ಯಾವ ಇರುವೆಯನ್ನು ನೋಡಿದ್ದನೋ ಗೊತ್ತಿಲ್ಲ. ಬೆನ್ನಿನ ಕೆಂಪು ಹದಿನೈದು ದಿನಗಳಲ್ಲಿ ಮಾಸಿತು.

ಎರಡನೆಯ ತಿಂಗಳಲ್ಲಿ ಗಾಡಿ ಕರ್ರ್ ಎಂದು ಸದ್ದು ಮಾಡಿ ನಿಂತಿತು. ಮೋಟಾರು ತಿರುಗುತ್ತಿತ್ತು, ಗಾಲಿ ತಿರುಗುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ದೊಡ್ಡ ಗೇರಿನ ಹಲ್ಲು ಅರ್ಧ ಹೋಗಿದ್ದವು. ಪ್ಲಾಸ್ಟಿಕ್ಕು! ಇಂಥ ಗಾಡಿಗೆ ಪ್ಲಾಸ್ಟಿಕ್ಕಿನ ಹಲ್ಲು ಹಾಕಿದವನ ಏಳು ತಲೆಮಾರಿಗೆ ಸಾಕಾಗುವಷ್ಟು ಬೈದೆ. ಪುಣೆಗೆ ಫೋನ್ ಮಾಡಿದರೆ, ಆ ಗಾಡಿಯ ಸಾಮಾನು ಅಲ್ಲಿ ಯಾರ ಬಳಿಯೂ ಇಲ್ಲ ಎಂದರು ಮಾವ. ಮರುದಿನ ಬೆಳಿಗ್ಗೆ ಅಣ್ಣ ಕೂಗಲಿಲ್ಲ. ಹೋಗಿ ನೋಡಿದರೆ ಮುಖ ಗೋಡೆಯ ಕಡೆ ಇತ್ತು.

ಅಂಗಡಿಗೆ ಬಾಗಿಲು ಹಾಕಿ ಹುಕ್ಕೇರಿಗೆ ಹೋದೆ. ಅಲ್ಲಿ ಗಡಿಯಾರ ರಿಪೇರಿಯ ಹಿರಿಯರೊಬ್ಬರಿದ್ದರು, ಕೈ ಬಹಳ ಸೂಕ್ಷ್ಮ ಎಂದು ಹೆಸರು. ಗೇರನ್ನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. "ಏನ ಮಾಡೂದ್ರಿ," ಎಂದರು, "ಇದು ನನ್ನ ಕೈಗಿ ದೊಡ್ಡದು, ನಿಮ್ಮ ಕೈಗಿ ಸಣ್ಣದು." ಚಹಾ ಕುಡಿಸಿ ಕಳಿಸಿದರು. ಅಲ್ಲಿಂದ ಮೂಡಲಗಿಗೆ ಹೋದೆ. ಟೇಪ್ ರೆಕಾರ್ಡರ್ ರಿಪೇರಿಯವನೊಬ್ಬ ಹಳೆಯ ಮಶಿನ್‌ಗಳಿಂದ ಕಿತ್ತ ಗೇರುಗಳ ಚೀಲವನ್ನೇ ನನ್ನ ಮುಂದೆ ಸುರಿದ. ಮಧ್ಯಾಹ್ನವಿಡೀ ಅವನ ಅಂಗಡಿಯ ಮುಂದೆ ಗೋಣಿಚೀಲ ಹಾಸಿಕೊಂಡು ಕುಳಿತು, ಸೇಂಗಾ ಆರಿಸಿದಂತೆ ಆರಿಸಿದೆ. ಒಂದು ಹೆಚ್ಚು ಕಡಿಮೆ ಕೂಡಿತು. ನಾಲ್ಕು ದಿನ ನಡೆಯಿತು. ಅಣ್ಣ ನಾಲ್ಕು ದಿನ ಎದ್ದ, ಐದನೆಯ ದಿನ ಮಲಗಿದ.

ಆಗ ನಾನು ಹಿತ್ತಾಳೆಗೆ ಕೈ ಹಾಕಿದೆ. ಲೇಥಿನಲ್ಲಿ ಬಿಲ್ಲೆ ತೆಗೆಯುವುದೇನೋ ಸುಲಭ, ಅಷ್ಟು ಸಣ್ಣ ಹಲ್ಲು ಕೊಯ್ಯುವ ಕಟ್ಟರು ನನ್ನ ಬಳಿ ಎಲ್ಲಿಂದ ಬರಬೇಕು? ಕಾಗದದ ಪಟ್ಟಿಗೆ ನಲವತ್ತೆಂಟು ಗೆರೆ ಹಾಕಿ ಬಿಲ್ಲೆಯ ಸುತ್ತ ಅಂಟಿಸಿ, ಒಂದೊಂದೇ ಹಲ್ಲನ್ನು ಕಾನಸಿನಿಂದ, ಅದೇ ಅರದಿಂದ, ತಿಕ್ಕಿ ತೆಗೆದೆ. ಮೂರು ಬಿಲ್ಲೆ ಹಾಳಾದವು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟ ಇಲ್ಲ. ಕಾನಸು ಹಿಡಿದು ಕೂತು ಎಷ್ಟೋ ಸಂಜೆ ಊಟ ತಪ್ಪಿಸಿಕೊಂಡು, ಖಾಲಿ ಹೊಟ್ಟೆಯಲ್ಲಿ ಮನೆಗೆ ಹೋಗಿ, ಸಿಟ್ಟಿನಲ್ಲಿ ಹೆಂಡತಿಗೆ ಒದರಿದ್ದೇನೆ. ಪಾಪ, ಅವಳದೇನು ತಪ್ಪು. ಕೊನೆಗೂ ನಾಲ್ಕನೆಯದು ಕೂಡಿತು. ಗಾಡಿ ಹತ್ತಿತು. ಅಣ್ಣ "ಶಾಬಾಸ!" ಎಂದ. ಆ ಒಂದು ಮಾತಿಗೆ ನಾನು ಇನ್ನೂ ಹತ್ತು ಬಿಲ್ಲೆ ತಿಕ್ಕಲು ತಯಾರಿದ್ದೆ.

ಆದರೆ ಹಿತ್ತಾಳೆಯ ಹಲ್ಲು ಹಾಕಿದ ಮೂರನೆಯ ವಾರ ಮುಂದಿನ ಎಕ್ಸಲ್ಲಿಗೆ ಎಳೆತ ಒಯ್ಯುವ ಜಾಯಿಂಟು ಮುರಿಯಿತು. ಅದೂ ಪ್ಲಾಸ್ಟಿಕ್ಕೇ. ಸೈಕಲ್ಲಿನ ಕಡ್ಡಿ, ಬುಶ್ಶು ಸೇರಿಸಿ ಕಬ್ಬಿಣದ್ದೇ ಮಾಡಿ ಹಾಕಿದೆ. ಎಂಟು ದಿನ ಹೋಯಿತು. ಜಾಯಿಂಟು ಗಟ್ಟಿಯಾದದ್ದೇ ತಡ, ಹಿಂದಿನ ಜಾಯಿಂಟು ಹೋಯಿತು. ಅದನ್ನು ಮಾಡಿದೆ. ಆಮೇಲೆ ಗಾಲಿಯ ಒಳಗಿನ ಕಡ್ಡಿ. ಒಂದು ಗಟ್ಟಿ ಮಾಡಿದರೆ ಅದರ ಮುಂದಿನದು ಹೋಗುತ್ತಿತ್ತು. ಪ್ರತಿ ಸಲ ನಾನು ಅಂಗಡಿಯಲ್ಲಿ ತಿಕ್ಕುತ್ತ ಕೂತ ದಿನಗಳಷ್ಟೂ ಅಣ್ಣ ಮಲಗಿರುತ್ತಿದ್ದ. ಎರಡು ದಿನ, ಎಂಟು ದಿನ, ಒಮ್ಮೆ ಹಂಗಾಮಿನ ಗದ್ದಲದಲ್ಲಿ ಇಪ್ಪತ್ತು ದಿನ. ವೈನಿ ಬಾಗಿಲಿಗೆ ಬಂದು, "ಆತೇನ್ರಿ?" ಎಂದಷ್ಟೇ ಕೇಳುತ್ತಿದ್ದರು. ಅವರು ಕೇಳುತ್ತಿದ್ದದ್ದು ಗಾಡಿಯನ್ನಲ್ಲ ಎಂದು ನನಗೆ ಗೊತ್ತಿತ್ತು.

ಕೊನೆಗೆ ಮುಂದಿನ ಎಕ್ಸಲ್ಲಿನ ಒಳಗಿರುವ, ಎಳೆತವನ್ನು ಗಾಲಿಯ ಕಡೆ ತಿರುಗಿಸುವ ಜೋಡಿ ಗೇರು ಹೋದವು. ಲಾರಿಯಲ್ಲಿ ಕ್ರೌನ್ ಪಿನಿಯನ್ ಎನ್ನುತ್ತೇವಲ್ಲ, ಅದೇ. ಅಷ್ಟು ಹೊತ್ತಿಗೆ ನನ್ನ ತಾಳ್ಮೆ ತೀರಿತ್ತು. ಹಿತ್ತಾಳೆ ಗಿತ್ತಾಳೆ ಸಾಕು, ಇನ್ನು ಉಕ್ಕಿನದೇ ಮಾಡುತ್ತೇನೆ, ಬೆಂಕಿಗೆ ಹಾಕಿ ಎಣ್ಣೆಯಲ್ಲಿ ಅದ್ದಿ ಹದ ಕೊಡುತ್ತೇನೆ, ಹೇಗೆ ಮುರಿಯುತ್ತದೋ ನೋಡಿಯೇಬಿಡೋಣ ಎಂದು ಹಟ ಹಿಡಿದೆ.

ಅದೇ ವಾರ ಕೌಜಲಗಿಯ ರೈತರೊಬ್ಬರು ಮಣ್ಣು ಪುಡಿಮಾಡುವ ರೋಟಾವೇಟರಿನ ಒಡೆದ ಗೇರ್‌ಬಾಕ್ಸನ್ನು ಬಂಡಿಯಲ್ಲಿ ಹಾಕಿಕೊಂಡು ಬಂದರು. ಟ್ರ್ಯಾಕ್ಟರಿನಿಂದ ರೋಟಾವೇಟರಿಗೆ ಹೋಗುವ ಶಾಫ್ಟಿನಲ್ಲಿ ಒಂದು ಕಚ್ಚಾ ಬೋಲ್ಟು ಇರುತ್ತದೆ. ನೆಲದಲ್ಲಿ ಕಲ್ಲು ಸಿಕ್ಕರೆ ಅದು ತುಂಡಾಗಬೇಕು, ಉಳಿದದ್ದು ಉಳಿಯಬೇಕು. ನಮ್ಮ ಕಡೆಯ ಜನಕ್ಕೆ ಅದು ಪದೇ ಪದೇ ತುಂಡಾಗುವುದೇ ದೊಡ್ಡ ಸಂಕಟ. ಅದನ್ನು ಕಿತ್ತೊಗೆದು ಲಾರಿಯ ಪಕ್ಕಾ ಬೋಲ್ಟು ಹಾಕಿಬಿಡುತ್ತಾರೆ. ಇವರೂ ಹಾಕಿದ್ದರು. ನಾನು ಅವರಿಗೆ ನಿಂತ ನಿಲುವಿನಲ್ಲಿ ಮಂಗಳಾರತಿ ಮಾಡಿದೆ. "ಕಾಕಾ, ಬೋಲ್ಟ ಸಾಯಬೇಕ್ರಿ, ಗೇರ್‌ಬಾಕ್ಸ ಉಳೀಬೇಕ್ರಿ! ಬೋಲ್ಟ ಉಳಿಸಿ ಗೇರ್‌ಬಾಕ್ಸ ಕೊಂದೀರಲ್ರಿ! ತಲಿ ಎಲ್ಲಿ ಇಟ್ಟಿದ್ರಿ?" ಅವರು ತಲೆ ತಗ್ಗಿಸಿ ನಿಂತರು.

ಸಂಜೆ ಇದನ್ನೇ ಬಣ್ಣ ಹಚ್ಚಿ ಅಣ್ಣನಿಗೆ ಹೇಳಿದೆ, ನಗಲಿ ಎಂದು. ಅವನು ನಗಲಿಲ್ಲ. ಹಾಸಿಗೆಯಿಂದಲೇ ಕೇಳಿದ, "ಮತ್ತ ನೀ ಏನ ಮಾಡಾಕತ್ತಿ?"

"ಅಂದ್ರ?"

"ಉಕ್ಕಿನ ಪಿನಿಯನ್ ಮಾಡಾಕತ್ತಿ ಅಂತಲ್ಲ. ನಿನ್ನ ಹೆಂಡತಿ ಹೇಳಿದ್ಲು. ತಮ್ಮಾ, ಪ್ಲಾಸ್ಟಿಕ್ ಹಾಕಿದಾಂವ ಹುಚ್ಚಲ್ಲೋ. ಎಲ್ಲೆರ ಒಂದ ಕಡಿ ಕಚ್ಚಾ ಇರಬೇಕು. ಹಿತ್ತಾಳಿದ ಮಾಡು, ಸವದ್ರ ಸವೀಲಿ."

"ಸವದ್ರ ನೀ ಮತ್ತ ಮಲಗತಿ!" ಎಂದು ಕೂಗಿಬಿಟ್ಟೆ. ಅಂಥ ಮಾತನ್ನು ಅವನ ಮುಂದೆ ಆಡಬಾರದಿತ್ತು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ನಾನು ಉಕ್ಕಿನದನ್ನೇ ಮಾಡಿದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಹನ್ನೊಂದು ದಿನ ಹಿಡಿಯಿತು. ನಾನು ಜೀವನದಲ್ಲಿ ಮಾಡಿದ ಅತ್ಯಂತ ಚೆಂದದ ಕೆಲಸ ಅದು, ಈಗಲೂ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಅಣ್ಣನನ್ನು ಕಟ್ಟೆಗೆ ತಂದು ಕೂಡಿಸಿದೆವು. ಅವನ ಮುಖ ತೆಳ್ಳಗಾಗಿತ್ತು, ಆದರೂ ರಿಮೋಟು ಹಿಡಿದಾಗ ಕಣ್ಣು ಎಂದಿನಂತಾದವು. ಗಾಡಿ ಒಂದು ಕಲ್ಲು ಹತ್ತಿತು, ಇಳಿಯಿತು, ಇನ್ನೊಂದು ಹತ್ತಿತು. ಗುಡ್ಡೆಯ ನಡುವೆ ಎರಡು ಕಲ್ಲು ಕೂಡಿದ ಒಂದು ಸಂದಿ ಇತ್ತು. ಅಣ್ಣ ಆ ಕಡೆ ಯಾವತ್ತೂ ಒಯ್ಯುತ್ತಿರಲಿಲ್ಲ. ಅಂದು ಮುಂದಿನ ಎಡಗಾಲಿ ಜಾರಿ ಅದರೊಳಗೆ ಸಿಕ್ಕಿತು. ಅವನು ತಕ್ಷಣ ಬೆರಳು ತೆಗೆದ.

"ಎತ್ತಿ ಇಡು" ಎಂದ ನನಗೆ.

"ಯಾಕ ಎತ್ತಬೇಕು? ಒತ್ತೋ!" ಎಂದೆ ನಾನು. "ಉಕ್ಕಿನದ ಐತಿ. ಈಗೇನ ಮುರಿಯಂಗಿಲ್ಲ. ಪೂರಾ ಒತ್ತು!"

"ಬ್ಯಾಡೋ."

"ನನ್ನ ಕೆಲಸದ ಮ್ಯಾಲ ಭರೋಸಾ ಇಲ್ಲೇನ್ ನಿನಗ?"

ಅವನು ನನ್ನ ಮುಖ ನೋಡಿದ. ನನ್ನ ಮನಸ್ಸು ನೋಯಬಾರದು ಎಂದು, ಅದಕ್ಕೇ ಎಂದು ನನಗೆ ಖಾತ್ರಿ, ಪೂರಾ ಒತ್ತಿದ.

ಅಡಕೆ ಒಡೆದಂತೆ ಟಕ್ ಎಂದಿತು, ಅಷ್ಟೇ. ಓಡಿಹೋಗಿ ಎತ್ತಿದರೆ ಉಕ್ಕಿನ ಹಲ್ಲಿಗೆ ಒಂದು ಗೀರು ಕೂಡ ಬಿದ್ದಿರಲಿಲ್ಲ. ಆ ಗೇರುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಎಕ್ಸಲ್ಲಿನ ಗೂಡು ಮೂರು ಹೋಳಾಗಿತ್ತು. ಮೋಟಾರಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ತಿರುಗಿ ಅಣ್ಣನ ಕಡೆ ನೋಡುವ ಧೈರ್ಯವಾಗಲಿಲ್ಲ.

ಆ ಗೂಡು ಲೇಥಿಗೆ ಕಟ್ಟುವ ವಸ್ತುವಲ್ಲ. ಒಳಗೂ ಹೊರಗೂ ಸಾವಿರ ತಿರುವು, ತೂತು, ಮೆಟ್ಟಿಲು. ಅಂಟು ಹಚ್ಚಿ ತಂತಿ ಬಿಗಿದೆ. ಕೈಯಲ್ಲಿ ತಿರುಗಿಸಿದರೇ ಬಿಟ್ಟಿತು. ಗೋಕಾಕದಲ್ಲಿ ಅಲ್ಯೂಮಿನಿಯಂ ಎರಕ ಹೊಯ್ಯುವವರ ಬಳಿ ಹೋದೆ, ಅವರು ಹೋಳುಗಳನ್ನು ಅಂಗೈಯಲ್ಲಿಟ್ಟುಕೊಂಡು ನಕ್ಕರು. ಅವರಿಗೂ ಬೈದೆ. ಪುಣೆಗೆ ಮತ್ತೆ ಫೋನ್ ಮಾಡಿದರೆ ಮಾವ, "ಮುಂಬೈದಾಗೂ ಕೇಳಿಸ್ದೆ, ಸಿಗಂಗಿಲ್ಲ, ಬಿಟ್ಟ ಬಿಡ್ರಿ" ಎಂದರು. ಅವರಿಗೂ ಬೈದೆ. ಬೈಯಲು ಜನ ಮುಗಿದ ಮೇಲೆ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಸುಮ್ಮನೆ ಕೂತೆ. ಲೇಥು, ಡ್ರಿಲ್ಲು, ಗೋಡೆಯ ತುಂಬ ಹತಾರು. ಯಾವುದೊಂದೂ ನನ್ನ ಉಪಯೋಗಕ್ಕೆ ಬರಲಿಲ್ಲ.

ಹತ್ತು ಹನ್ನೆರಡು ದಿನಗಳಾದ ಮೇಲೆ ಅಣ್ಣನ ಹಾಸಿಗೆಯ ಬಳಿ ಹೋಗಿ ಕೂತೆ. "ನಾ ಏನರ ಮಾಡ್ತೇನಿ," ಎಂದೆ. "ಕಟಿಗ್ಯಾಗ ಮೊದಲ ಅಚ್ಚ ಮಾಡಿ ನೋಡ್ತೇನಿ. ಸ್ವಲ್ಪ ದಿನ ಹಿಡಿತೈತಿ. ನೀ ಸ್ವಲ್ಪ ಕಾಯಿ."

ಅವನು ಈ ಕಡೆ ತಿರುಗಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮಿರಜದಾಗ ಡಾಕ್ಟರೂ ಹಂಗ ಅಂದಾರ," ಎಂದ. "ಕಾಲಾಗ ಜೀವ ಬಂದರೂ ಬರಬಹುದು, ಕಾಯ್ರಿ ಅಂದಾರ. ಅದನ್ನ ನಿಮಗ್ಯಾರಿಗೂ ಹೇಳಿಲ್ಲ ನಾ. ದಿನಾ ಮುಂಜಾನೆ ಎದ್ದ ಕೂಡ್ಲೆ ಕಾಲ ಹೆಬ್ಬೆಳ್ಳ ಅಳಗ್ಯಾಡತೈತೇನು ಅಂತ ನೋಡತೇನಿ. ಈಗ ನೀನೂ ಕಾಯಿ ಅಂತಿ. ಎರಡೆರಡ ಕಾಯೂದು ನನ್ನ ಕಡಿಂದ ಆಗೂದಿಲ್ಲೋ ತಮ್ಮಾ. ಗಾಡಿದ ಬಿಟ್ಟಬಿಡು."

ತಲೆದಿಂಬಿನ ಬಳಿ ಇದ್ದ ರಿಮೋಟನ್ನು ತೆಗೆದುಕೊಂಡು, ಹಿಂದಿನ ಮುಚ್ಚಳ ಸರಿಸಿ, ಸೆಲ್ಲುಗಳನ್ನು ಒಂದೊಂದಾಗಿ ಹೊರಗೆ ತೆಗೆದ. ವೈನಿಯನ್ನು ಕರೆದು, "ಇನ್ನೂ ಛಲೋ ಅದಾವು, ರೇಡಿಯೋಕ್ಕರ ಹಾಕ್ಕೋ" ಎಂದು ಅವರ ಅಂಗೈಯಲ್ಲಿಟ್ಟ.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ನಾನೂ ವೈನಿಯೂ ಅವನ ಎರಡೂ ಬದಿಗೆ ಬಗ್ಗಿದೆವು. ಬೆನ್ನು ಮತ್ತೆ ಕೆಂಪಾಗಿತ್ತು, ಈ ಸಲ ಎರಡು ಕಡೆ. ಅವನು ಮೊದಲಿನಂತೆ ಹಲ್ಲು ಕಚ್ಚಲಿಲ್ಲ, ಮೈ ಬಿಗಿ ಮಾಡಲಿಲ್ಲ, ಬ್ಯಾಡ ಎನ್ನಲಿಲ್ಲ. ತಿಳಿಯದೆ ಕೇಳುವವನ ಹಾಗೆ ನನ್ನ ಮುಖ ನೋಡಿ ಕೇಳಿದ:

"ಎದ್ದು ಏನ ಮಾಡ್ಲಿ, ಹೇಳು?"

ವೈನಿ ನನ್ನ ಕಡೆ ನೋಡಿದರು. ನಾನು ಅಣ್ಣನ ಕಂಕುಳಿಗೆ ಕೈ ಹಾಕಿದವನು ಹಾಗೇ ಬಗ್ಗಿಕೊಂಡು ನಿಂತಿದ್ದೆ.